ರೋಹತ್ ಖೋಲಾ ಕಟ್ಟಿದ ಚಿಂದಿ

ಭಾನುವಾರ ಬೆಳಿಗ್ಗೆ ಗುಜೋರಿನ ಸಂತೆಗೆ ಕುರಿಗಳು ಬರುವ ಹೊತ್ತಿಗೆ ರೋಹತ್ ಖೋಲಾ ಊರು ಬಿಟ್ಟು ಹೊರಡುತ್ತಿದ್ದರು. ಎಲ್ಲರೂ ಊರೊಳಗೆ ಬರುವಾಗ ಅವರೊಬ್ಬರೇ ಎದುರು ದಿಕ್ಕಿಗೆ. ತಲೆಗೆ ಬಿಳಿ ವಸ್ತ್ರ, ಕಾಲಿಗೆ ಗಂಡನ ಹಳೆಯ ರಬ್ಬರ್ ಬೂಟು, ಹೆಗಲಿಗೆ ಹೂವಿನ ಬಟ್ಟೆಯ ಚೀಲ. ಚೀಲದಲ್ಲಿ ಒಂದು ರೊಟ್ಟಿ, ಒಂದು ಹಿಡಿ ಒಣ ಮೊಸರುಂಡೆ, ಹಸಿರು ಚಹಾದ ಫ್ಲಾಸ್ಕು, ಜೊತೆಗೆ ಹೊಲಿಗೆಯಲ್ಲಿ ಉಳಿದ ಚಿಂದಿಗಳ ಗಂಟು.

ಅವರ ಗಂಡ ಎಶ್ಮುರೋದ್ ಅಕಾ ಹೆದ್ದಾರಿಯ ಬದಿಯಲ್ಲಿ ಮಾಂಸ ಸುಟ್ಟು ಮಾರುವವರು. ಅಷ್ಟು ಹೊತ್ತಿಗೆ ಅವರು ನೆಲದೊಲೆಯೊಳಗೆ ತಲೆ ತೂರಿಸಿ ಬೂದಿ ಬಾಚುತ್ತಿರುತ್ತಿದ್ದರು. ಹೆಂಡತಿಯ ಬೂಟಿನ ಸದ್ದು ಕೇಳಿದರೆ ತಲೆ ಹೊರಗೆ ಬರುತ್ತಿತ್ತು.

"ಹೊರಟ್ಯಾ, ಮಕ್ಕಳ ತಾಯಿ? ಊರಿನ ಹೆಂಗಸ್ರೆಲ್ಲ ಭಾನುವಾರ ಸೊಸೆ ಹುಡುಕ್ತಾರೆ, ನೀನು ಗೋಡೆ ಹುಡುಕು."

"ಗೋಡೆ ಎದುರು ಮಾತಾಡಲ್ಲ ನೋಡಿ, ಅದಕ್ಕೇ."

"ನಾನು ಮಾತಾಡ್ತೀನಾ?"

"ಬೂದಿ ಒರೆಸ್ಕೊಳ್ಳಿ, ಮಕ್ಕಳ ಅಪ್ಪ. ಗಿರಾಕಿ ಬಂದ್ರೆ ಭೂತ ಅಂತ ಓಡಿಹೋಗ್ತಾರೆ."

ಅವರಿಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ನಾನು ಅವರ ಪಕ್ಕದ ಮನೆಯವಳು. ನಡುವೆ ಒಂದೇ ಮಣ್ಣಿನ ಗೋಡೆ. ನಮ್ಮ ಬೀದಿಯ ಮಕ್ಕಳೆಲ್ಲ ರೋಹತ್ ಅವರನ್ನು ಚಿಕ್ಕಮ್ಮನೆಂದುಕೊಂಡೇ ಖೋಲಾ ಎಂದು, ಗಂಡನನ್ನು ಅಣ್ಣನೆಂದುಕೊಂಡೇ ಅಕಾ ಎಂದು ಕರೆದು ಬೆಳೆದವರು. ಈಗ ನಾನು ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬಿಡುವಾದ ಭಾನುವಾರಗಳಲ್ಲಿ ಖೋಲಾ ಜೊತೆ ಹೋಗಿದ್ದೇನೆ.

ವಾರವೆಲ್ಲ ಅವರು ಕೌದಿ ಹೊಲಿಯುತ್ತಿದ್ದರು. ಗುಜೋರಿನಲ್ಲಿ ಮದುವೆಯಾಗುವ ಹುಡುಗಿಗೆ ತವರಿನಿಂದ ಕೌದಿಗಳ ಅಟ್ಟಿಯೇ ಹೋಗಬೇಕು. ನಮ್ಮ ಬೀದಿಯ ಯಾವ ಹುಡುಗಿಯೂ ಅವರ ಕೌದಿಯಿಲ್ಲದೆ ಗಂಡನ ಮನೆಗೆ ಹೋದದ್ದಿಲ್ಲ. ಭಾನುವಾರ ಮಾತ್ರ ಅವರದೇ. ಹಳೆಯದು ಎಲ್ಲಿ ಉಳಿದಿದೆಯೆಂದು ಕೇಳಿದರೂ ಅಲ್ಲಿಗೆ ಹೋಗುತ್ತಿದ್ದರು. ಗುಡ್ಡದ ಮೇಲಿನ ಹಳ್ಳಿಯೊಂದರ ಮಸೀದಿಯಲ್ಲಿ ಕೆತ್ತನೆಯ ಮರದ ಕಂಬವಿದೆ. ಅದರ ಬುಡದಲ್ಲಿ ಹಲ್ಲಿನ ಗುರುತುಗಳಿವೆ. ಹಲ್ಲುನೋವಿದ್ದವರು ಅದನ್ನು ಕಚ್ಚುತ್ತಿದ್ದರಂತೆ. ಇನ್ನೊಂದು ಕಡೆ ಒಂಟೆ ವ್ಯಾಪಾರಿಗಳು ತಂಗುತ್ತಿದ್ದ ಛತ್ರ. ಈಗ ಅದರಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ಮಾರುತ್ತಾರೆ. ಖೋಲಾ ಆ ಅಂಗಡಿಯಲ್ಲಿ ಒಂದು ನಟ್ಟು ಕೊಂಡು, ಅದರ ನೆಪದಲ್ಲಿ ಮಧ್ಯಾಹ್ನದವರೆಗೆ ಚಾವಣಿ ನೋಡಿ ಬಂದಿದ್ದರು. ಆ ನಟ್ಟು ಇಂದಿಗೂ ಅವರ ಹೊಲಿಗೆ ಯಂತ್ರದ ಮೇಲಿದೆ.

ಹೋದಲ್ಲೆಲ್ಲ ಮುದುಕಿಯರ ಪಕ್ಕ ಕೂತು ಕಥೆ ಕೇಳುತ್ತಿದ್ದರು. "ಇದನ್ನ ನಿಮಗೆ ಯಾರು ಹೇಳಿದ್ದು?" ಎಂದು ಕೊನೆಗೆ ಕೇಳುವುದು ತಪ್ಪುತ್ತಿರಲಿಲ್ಲ. ಮನೆಗೆ ಬಂದು ನಮಗೆ ಹೇಳುವಾಗ ಆ ಹೆಸರೂ ಇರುತ್ತಿತ್ತು. ಇದು ಹಾಲು ಮಾರುವ ಬೀವಿ ಹೇಳಿದ್ದು, ಅವಳಿಗೆ ಅವಳ ಅತ್ತೆ ಹೇಳಿದ್ದು, ಹೀಗೆ. ಕೇಳಿದ್ದಕ್ಕೆ ಒಂದು ಮಾತು ಕೂಡಿಸುತ್ತಿರಲಿಲ್ಲ. ಒಮ್ಮೆ ನಾನು, "ಈ ಕಥೆಗೆ ಕೊನೆಯೇ ಇಲ್ವಲ್ಲ ಖೋಲಾ, ನೀವೇ ಏನಾದ್ರೂ ಸೇರಿಸಬಾರ್ದಾ?" ಎಂದೆ.

"ಕೌದಿಗೆ ಬೇಕಾದ್ರೆ ನನ್ನ ನೂಲು ಹಾಕ್ತೀನಿ. ಕಥೆಗೆ ಹಾಕಲ್ಲ," ಎಂದರು.

ಆದರೆ ಈ ಅಲೆದಾಟದ ಕೆಳಗೆ ಒಂದು ಹುಡುಕಾಟವಿತ್ತು. ಅದು ಅವರ ಅಪ್ಪನ ಕಥೆ.

ಅಪ್ಪ ಜುಮಾ ಚಿಕ್ಕಂದಿನಲ್ಲಿ ಕುರಿ ಕಾಯಲು ಹೋಗುತ್ತಿದ್ದ ಬಯಲಿನಲ್ಲಿ ಒಂದು ನೀರಿನ ಗುಮ್ಮಟವಿತ್ತಂತೆ. ಹಳೆಯ ಕಾಲದ ವ್ಯಾಪಾರಿಗಳಿಗೆಂದು ಯಾರೋ ಕಟ್ಟಿಸಿದ್ದು. ನೆಲದೊಳಗೆ ಆಳದ ಹೊಂಡ, ಮೇಲೆ ಚಹಾ ಕುಡಿಯುವ ಪಿಯಾಲಾವನ್ನು ಮಗುಚಿದಂಥ ಇಟ್ಟಿಗೆಯ ಗುಮ್ಮಟ. ಹಿಮ ಕರಗಿದ ನೀರು ಅದರೊಳಗಿಳಿದು ಬೇಸಿಗೆಯವರೆಗೂ ತಣ್ಣಗಿರುತ್ತಿತ್ತು. ಹುಡುಗ ಬಾಗಿಲಲ್ಲಿ ನಿಂತು "ಜುಮಾ!" ಎಂದು ತನ್ನ ಹೆಸರನ್ನೇ ಕೂಗುತ್ತಿದ್ದ. ಬೇರೆ ಗುಮ್ಮಟಗಳು ಕೂಗಿದ ಕೂಡಲೇ ಮರಳಿ ಕೂಗುತ್ತವೆ. ಇದು ಹಾಗಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮೆಲ್ಲಗೆ, "ಜುಮಾ" ಎನ್ನುತ್ತಿತ್ತು. "ಯೋಚನೆ ಮಾಡಿ ಉತ್ತರ ಕೊಡ್ತಿತ್ತು ಮಗಳೇ," ಎಂದು ಅಪ್ಪ ಮುಪ್ಪಿನಲ್ಲೂ ಹೇಳುತ್ತಿದ್ದರು. ಎಲ್ಲಿ ಎಂದು ಕೇಳಿದರೆ, ಗುಡ್ಡಗಳು ಮುಷ್ಟಿಯಷ್ಟಾಗುವ ಕಡೆ ಎಂದಷ್ಟೇ. ತೋರಿಸಲು ಕಾಲಿನಲ್ಲಿ ಶಕ್ತಿಯಿರಲಿಲ್ಲ. ಅಪ್ಪ ಹೋದ ಮೇಲೆ ಖೋಲಾಗೆ ಭಾನುವಾರಗಳು ಶುರುವಾದವು.

ಬಯಲಿನಲ್ಲಿ ಅಂಥ ಗುಮ್ಮಟಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಸಿಕ್ಕ ಪ್ರತಿಯೊಂದರ ಬಾಗಿಲಲ್ಲೂ ಖೋಲಾ ಅಪ್ಪನ ಹೆಸರು ಕೂಗಿದ್ದರು. ಒಂದು ತಟ್ಟನೆ ತಿರುಗಿ ಕೂಗಿತು. ಇನ್ನೊಂದರೊಳಗೆ ಹುಲ್ಲು ಪೇರಿಸಿದ್ದರು. ಮತ್ತೊಂದರಿಂದ ಪಾರಿವಾಳಗಳು ಮುಖಕ್ಕೆ ಹಾರಿಬಂದವು. ಸಂಜೆ ಮನೆಗೆ ಬಂದಾಗ ಎಶ್ಮುರೋದ್ ಅಕಾ ಚಹಾ ಬಗ್ಗಿಸಿ ಕೊಡುತ್ತ ಕೇಳುತ್ತಿದ್ದರು:

"ಏನಂತು ನಿನ್ನ ಗುಮ್ಮಟ?"

"ಏನೂ ಅನ್ನಲಿಲ್ಲ."

"ನಿಮ್ಮ ಮನೆ ಕಡೆಯವರೆಲ್ಲ ಹಾಗೇ, ಮಾತು ಕಮ್ಮಿ," ಎಂದು ಸಕ್ಕರೆಯ ಹರಳನ್ನು ಅವರತ್ತ ಸರಿಸುತ್ತಿದ್ದರು.

ಎರಡು ವರ್ಷದ ಹಿಂದಿನ ಶರತ್ಕಾಲ. ತೋಶ್ಲಿ ಎಂಬ ಹಳ್ಳಿಯ ಆಚೆ ಒಂದು ಇಟ್ಟಿಗೆ ದಿಬ್ಬವಿದೆಯೆಂದು ಯಾರೋ ಸಂತೆಯಲ್ಲಿ ಹೇಳಿದ್ದು ಖೋಲಾ ಕಿವಿಗೆ ಬಿತ್ತು. ಒಬ್ಬರೇ ಹೋದರು. ಡಮಾಸ್ ವ್ಯಾನು ಡಾಂಬರು ಮುಗಿದಲ್ಲಿ ಇಳಿಸಿ ಹೋಯಿತು. ಮುಂದೆ ದಾರಿಯೇ ಇಲ್ಲ, ಎಲ್ಲ ದಿಕ್ಕೂ ಒಂದೇ ಥರ. ಯುಲ್ಗುನ್ ಪೊದೆಗಳು, ಒಂಟೆಮುಳ್ಳು, ಮಾಚಿಪತ್ರೆಯ ಕಹಿ ವಾಸನೆ. ಹಿಂದಿರುಗುವಾಗ ದಾರಿ ತಪ್ಪದಿರಲೆಂದು ಖೋಲಾ ಚಿಂದಿಯ ಗಂಟು ಬಿಚ್ಚಿದರು. ಕೆಂಪು ಹಳದಿ ಗೀರಿನ ರೇಷ್ಮೆಯ ಚಿಂದಿ. ಒಂದು ಪೊದೆಗೆ ಕಟ್ಟುವುದು, ಅದು ಕಣ್ಣಿಗೆ ಸಣ್ಣದಾಗುವವರೆಗೆ ನಡೆಯುವುದು, ಇನ್ನೊಂದಕ್ಕೆ ಕಟ್ಟುವುದು.

ಕೊನೆಯ ಚಿಂದಿಯನ್ನು ಗುಮ್ಮಟದ ಬಾಗಿಲ ಪಕ್ಕದ ಪೊದೆಗೆ ಕಟ್ಟಿದರು. ಅರ್ಧ ನೆಲದಲ್ಲಿ ಹೂತ ಗುಮ್ಮಟ. ಇಟ್ಟಿಗೆಯ ಸಂದಿನಲ್ಲಿ ಹುಲ್ಲು. ಹಿಂದೆ ತಿರುಗಿ ನೋಡಿದರೆ ಗುಡ್ಡಗಳು ಮುಷ್ಟಿಯಷ್ಟಿದ್ದವು.

ಬಾಗಿಲಲ್ಲಿ ಬಗ್ಗಿ "ಜುಮಾ!" ಎಂದರು. ಕಾದರು. ಏನೂ ಬರಲಿಲ್ಲ. ಹೊಂಡದ ತುಂಬ ಹೊಸ್ತಿಲವರೆಗೂ ಕೆಸರು ಬಂದು ಒಣಗಿತ್ತು. ಕೂಗಿದ ಮಾತು ಮಣ್ಣಿನ ಮೇಲೆ ಬಿದ್ದು ಅಲ್ಲೇ ಉಳಿಯಿತು.

ಅದೇ ಹೊತ್ತಿಗೆ ಟ್ರ್ಯಾಕ್ಟರ್ ಬಂತು. ಬೋರಿಬೋಯ್, ಆ ಹೊಲ ಮಾಡುವ ರೈತ. ಗುಂಡು ಮುಖ, ಒಳ್ಳೆಯ ನಗು.

"ಚಿನ್ನ ಸಿಕ್ತಾ ಖೋಲಾ?"

"ಚಿನ್ನ ಹುಡುಕ್ತಿಲ್ಲಪ್ಪ. ಇದನ್ನ ನೋಡೋಕೆ ಬಂದೆ."

"ಈಗ್ಲೇ ನೋಡ್ಕೊಳ್ಳಿ. ವಸಂತಕ್ಕೆ ಇದನ್ನ ಕೆಡವಿ ಮಟ್ಟ ಮಾಡ್ತೀನಿ. ಖರ್ಬೂಜ ಹಾಕ್ಬೇಕು. ಇಟ್ಟಿಗೆ ದನದ ಕೊಟ್ಟಿಗೆಗೆ ಆಗುತ್ತೆ."

ಖೋಲಾ ಎಷ್ಟು ಕೇಳಿಕೊಂಡರೂ ಅವನು ನಕ್ಕನೇ ಹೊರತು ಒಪ್ಪಲಿಲ್ಲ. "ನಿಮಗೆ ಬೇಕಾದ್ರೆ ಒಂದಿಷ್ಟು ಇಟ್ಟಿಗೆ ಮನೆಗೆ ತಲುಪಿಸ್ತೀನಿ," ಎಂದ. ಕೆಟ್ಟವನಲ್ಲ. ಅವರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಡಾಂಬರಿನವರೆಗೆ ಬಿಟ್ಟ. ಹಾಗಾಗಿ ಚಿಂದಿಗಳನ್ನು ಬಿಚ್ಚಿಕೊಂಡು ಬರಲು ಆಗಲಿಲ್ಲ. ಅವನೂ ಅವನ್ನು ಗಮನಿಸಲಿಲ್ಲ.

ಆ ಚಳಿಗಾಲ ಖೋಲಾ ಹೊಲಿಗೆ ಯಂತ್ರದ ಮುಂದೆ ಕೂತು ಕಿಟಕಿ ನೋಡುತ್ತಿದ್ದರು. ಹಿಮ ಬಿದ್ದಷ್ಟೂ ಸಮಾಧಾನ. ಹಿಮವಿದ್ದರೆ ಟ್ರ್ಯಾಕ್ಟರ್ ಹೊಲಕ್ಕಿಳಿಯುವುದಿಲ್ಲ. "ಅದೇ ಗುಮ್ಮಟ ಅಂತ ಹೇಗೆ ಹೇಳ್ತೀರಿ? ಮಾತಾಡಲಿಲ್ಲವಲ್ಲ," ಎಂದೆ ನಾನು. "ಬಾಯಿ ತುಂಬ ಮಣ್ಣು ಹಾಕ್ಕೊಂಡು ನೀನು ಮಾತಾಡ್ತೀಯಾ?" ಎಂದರು. ನಗಲಿಲ್ಲ.

ಹಿಮ ಕರಗತೊಡಗಿದ ಮೊದಲ ಭಾನುವಾರ ಇಬ್ಬರೂ ಹೊರಟೆವು. ಇನ್ನೊಮ್ಮೆ ಬೋರಿಬೋಯ್‌ನನ್ನು ಕೇಳಿಕೊಳ್ಳುವುದು ಅವರ ಆಸೆ. ಅವನಿಗೆಂದು ಹೊಸ ಕೌದಿಯೊಂದನ್ನು ಕಟ್ಟಿ ತಂದಿದ್ದರು. ವ್ಯಾನಿನವನು ಡಾಂಬರು ಮುಗಿದಲ್ಲಿ ನಿಲ್ಲಿಸಿ, ಎರಡೂ ಅಂಗೈಯಿಂದ ಮುಖ ಸವರಿಕೊಂಡು "ಆಮೀನ್" ಎಂದ.

"ಯಾರಿಗೆ ಆಮೀನ್ ಅಂದ್ಯಪ್ಪ?" ಖೋಲಾ ಕೇಳಿದರು.

"ಗೊತ್ತಿಲ್ವಾ? ತೋಶ್ಲಿಯಲ್ಲಿ ಸಂತರು ಕಾಣಿಸ್ಕೊಂಡಿದಾರೆ. ಇಷ್ಟು ವರ್ಷ ಮಣ್ಣಲ್ಲಿ ಮಲಗಿದ್ರಂತೆ. ಚಳಿಗಾಲಕ್ಕೆ ಮುಂಚೆ ಅವರೇ ದಾರಿ ತೋರಿಸಿದ್ರಂತೆ, ಪೊದೆಯಿಂದ ಪೊದೆಗೆ."

ನಾವು ಬಯಲಿನ ಕಡೆ ನೋಡಿದೆವು. ಎಲೆಯಿಲ್ಲದ ಯುಲ್ಗುನ್ ಪೊದೆಗಳೆಲ್ಲ ಬಣ್ಣ ಬಣ್ಣವಾಗಿದ್ದವು. ಹಸಿರು, ಬಿಳಿ, ನೀಲಿ. ಕರವಸ್ತ್ರದ ತುಂಡು, ಮಗುವಿನ ಅಂಗಿಯ ತೋಳು, ಜರಿಯ ಅಂಚು. ಪೊದೆಗೆ ಬಟ್ಟೆ ಕಟ್ಟಿದ್ದರೆ ಅದು ಹರಕೆಯ ಜಾಗ. ನಮ್ಮವರು ಯಾರೂ ಅದನ್ನು ಕೇಳಿ ತಿಳಿಯುವುದಿಲ್ಲ, ಕಂಡ ಕೂಡಲೇ ಒಂದು ತುಂಡು ಹರಿದು ತಾವೂ ಕಟ್ಟುತ್ತಾರೆ. ನಡುನಡುವೆ, ಬಿಸಿಲಿಗೆ ಮಾಸಿದ ಕೆಂಪು ಹಳದಿ ಗೀರಿನ ಚಿಂದಿಗಳು ಖೋಲಾನ ಗಂಟುಗಳಲ್ಲೇ ಇದ್ದವು.

ಖೋಲಾ ನೆಟ್ಟಗೆ ಗುಮ್ಮಟದತ್ತ ನಡೆದರು. ಗುಮ್ಮಟದ ಬಾಗಿಲಲ್ಲಿದ್ದ ಪೊದೆ ಬಟ್ಟೆಯ ಭಾರಕ್ಕೆ ಬಾಗಿತ್ತು. ಅವರು ಚೀಲ ಕೆಳಗಿಟ್ಟು, ತಮ್ಮದೇ ಚಿಂದಿಯನ್ನು ಹುಡುಕಿ ಗಂಟು ಸಡಿಲಿಸತೊಡಗಿದರು.

"ನೀವೂ ಹರಕೆಗೆ ಬಂದ್ರಾ ಖೋಲಾ?"

ಹಿಂದೆ ಒಬ್ಬ ಹೆಂಗಸು ನಿಂತಿದ್ದಳು, ನನ್ನ ವಯಸ್ಸಿನವಳು. ಕೈಯಲ್ಲಿ ಮದುವೆಯ ಮುಸುಕಿನಿಂದ ಹರಿದ ಬಿಳಿಯ ತುಂಡು. ಸೆರಗಿನ ಹಿಂದೆ ಅಡಗಿ ಒಂದು ಪುಟ್ಟ ಹುಡುಗಿ. ಹೆಂಗಸಿನ ಹೆಸರು ಹುಲ್ಕಾರ್, ತೋಶ್ಲಿಯ ಸೊಸೆ. ಮಗು ಸೋಜಿದಾ.

"ಇವಳು ಮಾತಾಡಲ್ಲ," ಎಂದಳು ಹುಲ್ಕಾರ್. "ಕಿವಿ ಚೆನ್ನಾಗಿ ಕೇಳುತ್ತೆ. ಕರ್ಷಿ ಪಟ್ಟಣದ ಡಾಕ್ಟರೂ ನೋಡಿದ್ರು, ಏನೂ ತೊಂದರೆ ಇಲ್ಲ, ಕಾಯಿರಿ ಅಂದ್ರು. ಓರಗೆಯ ಮಕ್ಕಳೆಲ್ಲ ಹಾಡು ಹೇಳ್ತವೆ. ಇಲ್ಲಿ ಕಟ್ಟಿದ್ರೆ ಆಗುತ್ತೆ ಅಂದ್ರು. ಆಗುತ್ತಲ್ವಾ?"

ಖೋಲಾನ ಬೆರಳು ಅರ್ಧ ಸಡಿಲಿಸಿದ ಗಂಟಿನ ಮೇಲಿತ್ತು. ಹುಲ್ಕಾರ್‌ಳ ಮುಖ ನೋಡಿದರು. ಮಗುವನ್ನು ನೋಡಿದರು. ಆಮೇಲೆ ಗಂಟನ್ನು ಮೆಲ್ಲಗೆ ಬಿಗಿದರು.

ವಾಪಸು ಬರುವಾಗ ವ್ಯಾನಿನಲ್ಲಿ, "ಇವತ್ತು ಕಥೆಗೆ ನೂಲು ಹಾಕಿಬಿಟ್ಟೆ," ಎಂದರು.

ಬೋರಿಬೋಯ್ ಈಗ ಬೇರೆ ಮನುಷ್ಯನಾಗಿದ್ದ. ಗುಮ್ಮಟ ಕೆಡವುವ ಮಾತು ಅವನ ಬಾಯಲ್ಲಿರಲಿಲ್ಲ. ಅವತ್ತೇ, ನಾವು ವ್ಯಾನು ಹತ್ತುವ ಮೊದಲು, ಕೌದಿಯನ್ನು ಎದೆಗೊತ್ತಿ ಹಿಡಿದುಕೊಂಡು, ಸಂತೋಷದಿಂದ ಹೇಳಿದ್ದ: "ನನ್ನ ಹೊಲದಲ್ಲೇ ಬಂದು ಮಲಗಿದಾರೆ, ನೋಡಿ! ನಾನು ಕೆಡವೋಕೆ ಹೊರಟಿದ್ನಲ್ಲ, ನೆನೆಸ್ಕೊಂಡ್ರೆ ಮೈ ನಡುಗುತ್ತೆ. ಹೊಂಡಾನ ಮೇಲಿನವರೆಗೂ ತುಂಬಿಸಿ, ಕಾಂಕ್ರೀಟ್ ಹಾಕಿ, ನಡುವೆ ಅಮೃತಶಿಲೆಯ ಗೋರಿ ಕಟ್ಟಿಸ್ತೀನಿ. ಗೋಡೆಗೆಲ್ಲ ಹಸಿರು ಟೈಲ್ಸು. ಬರೋ ಭಾನುವಾರ ದೇವರ ಹೆಸರಲ್ಲಿ ಊಟ ಹಾಕ್ತೀನಿ, ಹಿರಿಯರು ಒಪ್ಪಿದ್ರೆ ಮಾರನೇ ದಿನವೇ ಕೆಲಸ."

ಆ ವಾರ ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದು ಕೇಳಲಿಲ್ಲ. ನಾನು ರೊಟ್ಟಿ ಕೊಡುವ ನೆಪದಲ್ಲಿ ಹೋದೆ. ಗಂಡ ಹೆಂಡತಿ ಇಬ್ಬರೂ ಕೂತಿದ್ದರು.

"ನಿಜ ಹೇಳಿದ್ರೆ ಟ್ರ್ಯಾಕ್ಟರ್ ಬರುತ್ತೆ," ಎಂದರು ಖೋಲಾ. "ಸುಮ್ನಿದ್ರೆ ಕಾಂಕ್ರೀಟ್ ಬರುತ್ತೆ. ಮಣ್ಣಾದ್ರೆ ಒಂದಿನ ಯಾರಾದ್ರೂ ತೆಗೀಬಹುದು. ಕಾಂಕ್ರೀಟ್ ಹಾಕಿದ್ಮೇಲೆ ಅದರ ಬಾಯಿ ಮುಗೀತು."

"ಎರಡೂ ಕಡೆ ಗುಮ್ಮಟ ಹೋಗುತ್ತೆ ಅಂದ್ಮೇಲೆ ನಿಂಗೇನು ಉಳಿಯುತ್ತೆ, ಅದನ್ನ ನೋಡು," ಎಂದರು ಎಶ್ಮುರೋದ್ ಅಕಾ. ತಮಾಷೆಯಿಲ್ಲದೆ ಅವರು ಮಾತಾಡಿದ್ದು ನನಗೆ ಹೊಸದು. ಆಮೇಲೆ ತಮಗೇ ಮುಜುಗರವಾಯಿತೇನೋ, "ಅಷ್ಟು ದೂರ ಹೋಗ್ತಿದ್ದೀಯ, ಅವರ ಪಲಾವ್ ಹೇಗಿತ್ತು ಅಂತ ನೋಡ್ಕೊಂಡು ಬಾ," ಎಂದರು.

ಊಟದ ದಿನ ಬೋರಿಬೋಯ್‌ನ ಅಂಗಳದಲ್ಲಿ ದೊಡ್ಡ ಕಡಾಯಿ ಇಳಿಸಿದ್ದರು. ಗಂಡಸರು ಹೊರಗೆ ಜಗಲಿಯ ಮೇಲೆ, ನಾವು ಹೆಂಗಸರು ಒಳಗೆ. ತಟ್ಟೆಗೆ ಪಲಾವ್ ಬಂತು. ಖೋಲಾ ಮುಟ್ಟಲಿಲ್ಲ. ಎದ್ದು, ಚೀಲ ಹಿಡಿದು, ನೇರವಾಗಿ ಗಂಡಸರ ಜಗಲಿಯ ಮುಂದೆ ಹೋಗಿ ನಿಂತರು. ಹೆಂಗಸರೆಲ್ಲ ಬಾಗಿಲಿಗೆ ಬಂದರು.

ಜಗಲಿಯ ನಡುವೆ ಊರಿನ ಹಿರಿಯ ತೋಖ್ತಾ ಬೊಬೊ, ಎಲ್ಲರಿಗೂ ಅಜ್ಜ. ಬಿಳಿ ಗಡ್ಡ, ಒಂದು ಕಣ್ಣು ಯಾವಾಗಲೂ ಅರ್ಧ ಮುಚ್ಚಿದ್ದು.

"ಬೊಬೊ, ಮೊದಲ ಬಟ್ಟೆ ಕಟ್ಟಿದ್ದು ನಾನು," ಎಂದರು ಖೋಲಾ. "ದಾರಿ ತಪ್ಪಬಾರ್ದು ಅಂತ ಕಟ್ಟಿದ್ದು. ಬೇರೇನಿಲ್ಲ. ಯಾವ ಸಂತರೂ ಹೇಳಲಿಲ್ಲ. ಇದು ಕೌದಿಯಲ್ಲಿ ಉಳಿದ ಚಿಂದಿ. ನೋಡಿ." ಚೀಲದಿಂದ ಅದೇ ಕೆಂಪು ಹಳದಿ ಬಟ್ಟೆ ತೆಗೆದು ಹಿಡಿದರು.

ಬೋರಿಬೋಯ್ ಚಹಾ ಬಗ್ಗಿಸುತ್ತಿದ್ದವನು ಹಾಗೇ ನಿಂತ. ಪಿಯಾಲಾ ತುಂಬಿ ಹರಿಯಿತು.

ಬೊಬೊ ಬಟ್ಟೆಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು. "ಒಳ್ಳೇ ರೇಷ್ಮೆ. ಗುಜೋರಿನಿಂದ ನಿನ್ನ ಕರ್ಕೊಂಡು ಬಂದಿದ್ಯಾರು ಮಗಳೇ?"

"ಡಮಾಸ್ ವ್ಯಾನು, ಬೊಬೊ."

ಜಗಲಿಯಲ್ಲಿ ಯಾರೋ ಕಿಸಕ್ಕೆಂದರು.

"ಅಲ್ಲಿಂದ ಮುಂದೆ?"

"ನನ್ನ ಕಾಲು."

"ಕಾಲಿಗೆ ಹೇಳಿದ್ಯಾರು?"

"ನಮ್ಮಪ್ಪ." ಖೋಲಾ ಅಪ್ಪನ ಕಥೆ ಹೇಳಿದರು. ನೀರು, ಗುಮ್ಮಟ, ತಡವಾಗಿ ಬರುವ ಉತ್ತರ. ನಾನು ಎಷ್ಟೋ ಸಲ ಕೇಳಿದ್ದೇ. ಒಂದು ಮಾತೂ ಹೆಚ್ಚಿರಲಿಲ್ಲ.

ಬೊಬೊ ತಲೆಯಾಡಿಸಿದರು. "ಅಪ್ಪನ ಬಾಯಲ್ಲಿ ಅದನ್ನ ಆಡಿಸಿದ್ಯಾರು? ನಿನ್ನ ಕೈಯಲ್ಲಿ ಬಟ್ಟೆ ಕಟ್ಟಿಸಿದ್ಯಾರು? ನಿಂಗೆ ಗೊತ್ತಾಗಲಿಲ್ಲ, ಅಷ್ಟೇ." ಎಲ್ಲರೂ ಮುಖ ಸವರಿಕೊಂಡು "ಆಮೀನ್" ಎಂದರು. ಬೋರಿಬೋಯ್‌ನ ದನಿ ಎಲ್ಲರಿಗಿಂತ ಜೋರಾಗಿತ್ತು.

ಖೋಲಾ ಬೊಬೊನ ಕೈಯಿಂದ ಚಿಂದಿಯನ್ನು ವಾಪಸು ತೆಗೆದುಕೊಂಡರು. ನಿಜ ಹೇಳಲು ಅಷ್ಟು ಧೈರ್ಯ ಕೂಡಿಸಿಕೊಂಡು ಬಂದಿದ್ದರು. ಹೇಳಿದ ನಿಜವನ್ನೂ ಜನ ಸಂತರ ಲೆಕ್ಕಕ್ಕೇ ಸೇರಿಸಿಬಿಟ್ಟಿದ್ದರು.

"ನಾನು ಅದನ್ನ ಒಪ್ಪಲ್ಲ ಬೊಬೊ," ಎಂದರು ಕೊನೆಗೆ. "ನನಗೆ ಗೊತ್ತಿರೋದನ್ನ ಮಾತ್ರ ಹೇಳ್ತೀನಿ. ನಾನು ಬಂದಿದ್ದು ನೀರು ಹುಡುಕ್ಕೊಂಡು. ನನ್ನ ಕಥೆಯಲ್ಲಿ ಗೋರಿ ಇಲ್ಲ. ಅದನ್ನ ತುಂಬಿಸಬೇಡಿ."

ಬೊಬೊನ ಅರ್ಧ ಮುಚ್ಚಿದ ಕಣ್ಣು ತೆರೆಯಿತು. ಬೋರಿಬೋಯ್ ಕಡೆ ತಿರುಗಿದರು. "ಹೌದು ಕಣೋ. ಗೋರಿ ಕಟ್ತೀನಿ ಅಂತೀಯಲ್ಲ, ತಲೆ ಯಾವ ಕಡೆ ಇದೆ ಗೊತ್ತಾ ನಿಂಗೆ?"

"ತಲೆನಾ?"

"ಸಂತರ ತಲೆ! ಗೊತ್ತಿಲ್ದೆ ಅವರ ಕಾಲಿನ ಮೇಲೆ ತಲೆ ಕಟ್ಟಿದ್ರೆ? ನಿನ್ನ ದನ ಒಂದಾದ್ರೂ ಉಳಿಯುತ್ತಾ? ಮೊದಲು ಮಣ್ಣು ತೆಗೀರಿ. ಮಲಗಿದಾರೋ ಇಲ್ವೋ, ಹೇಗೆ ಮಲಗಿದಾರೆ, ನೋಡಿ. ಆಮೇಲೆ ಕಾಂಕ್ರೀಟು."

ಗುಂಪು ಚದುರಿದಾಗ ಹುಲ್ಕಾರ್ ಖೋಲಾನ ಎದುರು ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

"ಅವತ್ತು ಯಾಕೆ ಹೇಳಲಿಲ್ಲ?"

"ನಿನ್ನ ಮುಖ ನೋಡಿ ಬಾಯಿ ಬರಲಿಲ್ಲ ಮಗಳೇ. ತಪ್ಪಾಯ್ತು."

ಹುಲ್ಕಾರ್ ಮಗುವಿನ ತಲೆ ಸವರುತ್ತ ನಿಂತಳು. ಆಮೇಲೆ ಮೆಲ್ಲಗೆ, "ಅದು ಯೋಚನೆ ಮಾಡಿ ಉತ್ತರ ಕೊಡ್ತಿತ್ತು ಅಂದ್ರಲ್ಲ. ಆ ಭಾಗ ಇನ್ನೊಂದ್ಸಲ ಹೇಳಿ," ಎಂದಳು.

ಕೂಲಿಯಿಲ್ಲದೆ ಊರೆಲ್ಲ ಸೇರಿ ದುಡಿಯುವ ಹಶಾರ್ ಶುರುವಾಯಿತು. ಗಂಡಸರು ಸನಿಕೆ ಹಿಡಿದು ಇಳಿದರು. ಬೋರಿಬೋಯ್ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಮಣ್ಣು ಹೊತ್ತು ತನ್ನ ಹೊಲಕ್ಕೇ ಸುರಿದುಕೊಂಡ. ಹಳೆಯ ಹೂಳು, ಖರ್ಬೂಜಕ್ಕೆ ಒಳ್ಳೆಯದು. ಕೆಳಗೆ ಹೋದಂತೆ ಇಟ್ಟಿಗೆಯ ಮೆಟ್ಟಿಲುಗಳು ಕಂಡವು, ಒಂದು ಒಡೆದ ಹೂಜಿಯ ಕಂಠ ಸಿಕ್ಕಿತು. ಗುಡ್ಡದ ಕಡೆಯಿಂದ ನೀರು ತರುತ್ತಿದ್ದ ಕಾಲುವೆಯ ಬಾಯಿಯೂ ಸಿಕ್ಕಿತು. ಮಣ್ಣು ತೆಗೆಯುವ ಹುರುಪಿನಲ್ಲಿ ಅದನ್ನೂ ಬಿಡಿಸಿದರು. ಕೊನೆಗೆ ಸನಿಕೆ ಇಟ್ಟಿಗೆಯ ನೆಲಕ್ಕೆ ತಾಗಿ ಠಣ್ ಎಂದಿತು. ಗೋರಿ ಇರಲಿಲ್ಲ. ತಲೆಯೂ ಇಲ್ಲ, ಕಾಲೂ ಇಲ್ಲ.

ಎಲ್ಲರೂ ಖಾಲಿ ಹೊಂಡ ನೋಡುತ್ತ ನಿಂತರು. ಬೋರಿಬೋಯ್‌ನ ಮುಖ ಇಳಿದುಹೋಗಿತ್ತು.

"ಸಂತರು ಇಲ್ಲ ಅಂದ್ಮೇಲೆ..." ಎಂದು ತನ್ನ ಹೊಲದ ಕಡೆ ಕಣ್ಣು ಹಾಯಿಸಿದ.

"ಅವಸರ ಬೇಡ," ಎಂದರು ಬೊಬೊ. "ಇವಳು ನೀರು ಅಂತಾಳೆ. ನವ್‌ರೋಜ್ ಹಬ್ಬ ಕಳೀಲಿ. ಅಷ್ಟರೊಳಗೆ ನೀರು ಬಂದ್ರೆ ಗುಮ್ಮಟ ಹೀಗೇ ಇರುತ್ತೆ, ನೀನು ಕೈ ಹಚ್ಚಂಗಿಲ್ಲ. ಬರದಿದ್ರೆ ನಿನ್ನ ನೆಲ, ನಿನ್ನ ಖರ್ಬೂಜ."

ಊರಿನ ಎದುರು ಆದ ಮಾತು. ಬೋರಿಬೋಯ್ ಎದೆಯ ಮೇಲೆ ಕೈಯಿಟ್ಟು ಒಪ್ಪಿದ. ಖೋಲಾ ಕೂಡ ಒಪ್ಪಬೇಕಾಯಿತು.

ಆ ವರ್ಷ ಹಿಮ ಕಮ್ಮಿ, ಇದ್ದದ್ದೂ ಒಣಗಾಳಿಗೆ ಆವಿಯಾಗಿ ಹೋಗಿತ್ತು. ಇನ್ನು ಮಳೆಯೇ ಬರಬೇಕು. ನಮ್ಮ ಬೀದಿಯಲ್ಲಿ ಏಪ್ರಿಕಾಟ್ ಮರಗಳು ಹೂ ಬಿಟ್ಟವು. ಬೆಳಿಗ್ಗೆ ಎದ್ದರೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ. ಎಲ್ಲರೂ ಒಳ್ಳೆಯ ಹವೆ ಎಂದು ಹಿಗ್ಗುತ್ತಿದ್ದರು. ಖೋಲಾ ಮಾತ್ರ ಕಿಟಕಿಯ ಪಕ್ಕ ಕೂತು, ಒಂದೇ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದರು. ಎಶ್ಮುರೋದ್ ಅಕಾ ದಿನಕ್ಕೆ ಹಲವು ಸಲ ಒಲೆ ಬಿಟ್ಟು ಅಂಗಳಕ್ಕೆ ಬಂದು ಗುಡ್ಡದ ಕಡೆ ನೋಡುತ್ತಿದ್ದರು. ಗಿರಾಕಿಗಳು ಯಾಕೆಂದು ಕೇಳಿದರೆ, "ಕುರಿ ಬರ್ತಿದೆಯಾ ನೋಡ್ತಿದೀನಿ," ಎನ್ನುತ್ತಿದ್ದರು.

ಹಬ್ಬಕ್ಕೆ ಎರಡು ದಿನವಿರುವಾಗ ಸಂಜೆ ಮೊದಲ ಹನಿ ಬಿತ್ತು. ಬೀದಿಯ ಹೆಂಗಸರು ಹಬ್ಬದ ಗೋಧಿ ಮೊಳಕೆಯ ಪಾಯಸಕ್ಕೆ ಕಡಾಯಿ ಹೂಡಿದ್ದರು. ಬೆಂಕಿ ಆರಿಹೋಯಿತೆಂದು ಬೈಯುತ್ತ ತಗಡು ಹುಡುಕಲು ಓಡಿದರು. ಖೋಲಾ ಸೌಟು ಹಿಡಿದುಕೊಂಡೇ ಮಳೆಯಲ್ಲಿ ನಿಂತುಬಿಟ್ಟರು. ತಲೆವಸ್ತ್ರ ನೆನೆದು ಹಣೆಗೆ ಅಂಟಿತ್ತು. "ಒಳಗೆ ಬಾ, ಮಕ್ಕಳ ತಾಯಿ, ಶೀತ ಆಗುತ್ತೆ," ಎಂದು ಎಶ್ಮುರೋದ್ ಅಕಾ ಕರೆದರು. ಬರಲಿಲ್ಲ. ಅಕಾ ತಾವೂ ಹೋಗಿ ಪಕ್ಕದಲ್ಲಿ ನಿಂತರು. ಹಬ್ಬದ ದಿನದವರೆಗೂ ಮಳೆ ಬಿಡಲಿಲ್ಲ.

ಹಬ್ಬದ ಮರುದಿನವೇ ಹೋದೆವು. ಬಯಲು ಹಸಿರಾಗಿತ್ತು, ಕೆಂಪು ಗಸಗಸೆ ಹೂಗಳು ಅಲ್ಲಲ್ಲಿ ಕಣ್ಣು ಬಿಟ್ಟಿದ್ದವು. ಪೊದೆಗಳ ಬಟ್ಟೆಗಳು ನೆನೆದು ಜೋತುಬಿದ್ದಿದ್ದವು, ಯಾರೂ ಬಿಚ್ಚಿರಲಿಲ್ಲ. ಗುಮ್ಮಟದ ಹತ್ತಿರ ಬೋರಿಬೋಯ್ ಕೂತಿದ್ದ. ನಮ್ಮನ್ನು ನೋಡಿ ಎದ್ದು, ಟೋಪಿ ಸರಿಮಾಡಿಕೊಂಡ.

"ಸಂತರು ಇದ್ದಿದ್ರೆ ಜನ ಬರ್ತಿದ್ರು," ಎಂದ. "ಈ ನೀರಿಗೆ ಕುರಿ ಬರ್ತವೆ. ನನ್ನ ಖರ್ಬೂಜ ತಿಂದುಹಾಕ್ತವೆ." ಆಮೇಲೆ ನಕ್ಕು, "ಹೋಗಿ ಖೋಲಾ, ನೋಡಿ. ನಾನೂ ಬೆಳಿಗ್ಗೆ ಕುಡಿದೆ," ಎಂದ.

ಹುಲ್ಕಾರ್ ಮಗುವನ್ನು ಕರೆದುಕೊಂಡು ಬಂದಿದ್ದಳು. ನಾವು ನಾಲ್ವರೂ ಬಾಗಿಲು ದಾಟಿ ಮೆಟ್ಟಿಲ ಮೇಲೆ ನಿಂತೆವು. ಒಳಗೆ ತಂಪು. ಕೆಳಗೆ ಕಪ್ಪಗೆ, ಅಲುಗದೆ, ನೀರು. ಗುಮ್ಮಟದ ನೆತ್ತಿಯ ಕಿಂಡಿಯಿಂದ ಬಿದ್ದ ಬೆಳಕು ನೀರಿನ ನಡುವೆ ಒಂದು ಬಿಳಿ ಪಿಯಾಲಾದಂತೆ ತೇಲುತ್ತಿತ್ತು.

ಖೋಲಾ ಗಂಟಲು ಸರಿಮಾಡಿಕೊಂಡರು. ಕೂಗಲು ಅವರಿಗೆ ನಾಚಿಕೆಯಾದಂತೆ ಕಂಡಿತು. ನನ್ನ ಕೈ ಹಿಡಿದುಕೊಂಡರು.

"ಜುಮಾ!"

ಏನೂ ಬರಲಿಲ್ಲ. ಅವರ ಹಿಡಿತ ಸಡಿಲವಾಯಿತು. ತಲೆ ತಗ್ಗಿಸಿದರು.

ಆಗ, ನೀರಿನ ಆಚೆ ತುದಿಯಿಂದ, ಯಾರೋ ತಿರುಗಿ ನೋಡಿ ಗುರುತು ಹಿಡಿದ ಹಾಗೆ, ಮೆಲ್ಲಗೆ:

"ಜುಮಾ."

ಖೋಲಾ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದರು.

ಸೋಜಿದಾ ತಾಯಿಯ ಸೆರಗು ಬಿಟ್ಟು ಒಂದು ಮೆಟ್ಟಿಲು ಮುಂದೆ ಬಂದಳು. ನೀರನ್ನು ನೋಡಿದಳು. ಎಲ್ಲಿಂದ ಬಂತೆಂದು ಗುಮ್ಮಟದ ಸುತ್ತ ನೋಡಿದಳು. ಆಮೇಲೆ ಬಾಯಿ ತೆರೆದು, "ಊ," ಎಂದಳು. ಅದು ಮಾತಲ್ಲ. ಮಾತೆಂದು ನಾವು ಯಾರೂ ಹೇಳಲಿಲ್ಲ. ಗುಮ್ಮಟ ಸ್ವಲ್ಪ ಹೊತ್ತು ಸುಮ್ಮನಿತ್ತು. "ಊ," ಎಂದಿತು. ಮಗು ನಕ್ಕಿತು, ಆ ನಗುವೂ ತಡವಾಗಿ ಮರಳಿ ಬಂತು. ಹುಲ್ಕಾರ್ ಗೋಡೆಗೆ ಹಣೆಯಿಟ್ಟು ನಿಂತಿದ್ದಳು. ಸೋಜಿದಾ ಮತ್ತೆ ಮತ್ತೆ ಕೂಗಿದಳು. ಸಂಜೆಯವರೆಗೆ ಅವಳನ್ನು ಅಲ್ಲಿಂದ ಕದಲಿಸಲು ಆಗಲಿಲ್ಲ. ನಮಗೂ ಅವಸರವಿರಲಿಲ್ಲ.

ತೋಶ್ಲಿಯಲ್ಲಿ ಈಗಲೂ ಸಂತರ ಕಥೆಯೇ ಇದೆ. ಅದರಲ್ಲಿ ಸಂತರು ಕೌದಿ ಹೊಲಿಯುವ ಹೆಂಗಸಿನ ಕೈ ಹಿಡಿದು ನಡೆಸಿಕೊಂಡು ಬರುತ್ತಾರೆ. ಯಾರಾದರೂ ಕೇಳಿದರೆ ಖೋಲಾ ಅಲ್ಲ ಎನ್ನುತ್ತಾರೆ, ತಮ್ಮ ಕಥೆ ಹೇಳುತ್ತಾರೆ. ಕೇಳಿದವರು ಎರಡನ್ನೂ ನಂಬಿಕೊಂಡು ಹೋಗುತ್ತಾರೆ. ಭಾನುವಾರ ಈಗಲೂ ಹೊರಡುತ್ತಾರೆ. ಚಿಂದಿಯ ಗಂಟನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ದಾರಿಗೆ ಕಲ್ಲಿನ ಮೇಲೆ ಕಲ್ಲಿಟ್ಟು ಗುರುತು ಮಾಡುತ್ತಾರೆ, ಬರುವಾಗ ಒಂದೊಂದನ್ನೂ ಕೆಡವಿಕೊಂಡೇ ಬರುತ್ತಾರೆ.

ಆ ದಿನ ನಾವು ಊರು ತಲುಪಿದಾಗ ಎಶ್ಮುರೋದ್ ಅಕಾ ಬೀದಿ ಬಾಗಿಲಲ್ಲೇ ನಿಂತಿದ್ದರು. ಚಹಾದ ಕೆಟಲು ಕೈಯಲ್ಲೇ ಇತ್ತು. ನಾವು ಒಳಗೆ ಬರುವ ಮೊದಲೇ ಕೇಳಿದರು.

"ಏನಂತು ನಿನ್ನ ಗುಮ್ಮಟ?"

ಖೋಲಾ ಗಂಡನ ಹಳೆಯ ಬೂಟುಗಳನ್ನು ಒಂದೊಂದಾಗಿ ಕಳಚಿ, ಕೆಸರು ಕೊಡವಿ, ಗೋಡೆಗೆ ಒರಗಿಸಿಟ್ಟರು.

"ಅಪ್ಪನ್ನ ಕರೀತು," ಎಂದರು. "ಸ್ವಲ್ಪ ಯೋಚನೆ ಮಾಡಿ."